ನಡುಪಟ್ಟಿಯ ತುದಿಯ ಅಣಸು



ಪ್ರಾಚೀನ ವಸ್ತುಗಳೆಂದೊಡನೆ ನಮ್ಮ ಮನಸ್ಸು ಕಿರೀಟ, ಖಡ್ಗ, ತಾಮ್ರಶಾಸನಗಳ ಕಡೆಗೆ ಹರಿಯುವುದು ಸಹಜ. ಇಂದು ನಾವು ಬೆರಳುದ್ದದ ಒಂದು ಅಲ್ಪವಸ್ತುವನ್ನು ಕುರಿತು ವಿಚಾರ ಮಾಡೋಣ. ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಹವ್ಯಾಸಿ ಶೋಧಕರಿಗೆ ಮೇಲಿಂದ ಮೇಲೆ ದೊರೆಯುವ, ಮಧ್ಯಯುಗದ ನಡುಪಟ್ಟಿಯ ತುದಿಯ ಅಣಸೇ ಆ ವಸ್ತು.

ಒನಕೆಯ ತುದಿ ಸೀಳದಿರಲೆಂದು ಅಣಸು ತೊಡಿಸುವುದನ್ನು ನಾವೆಲ್ಲರೂ ಬಲ್ಲೆವು. ಅದರಂತೆಯೇ ತೊಗಲಿನ ಅಥವಾ ನೇಯ್ದ ಪಟ್ಟಿಯ ತುದಿ ಸವೆಯದಿರಲಿ, ಬಕಲಿನೊಳಗೆ ಸುಲಭವಾಗಿ ನುಸುಳಲಿ, ಮಿಕ್ಕ ಭಾಗ ನೇರವಾಗಿ ಜೋಲಲಿ ಎಂದು ಅಂದಿನವರು ಈ ಲೋಹದ ತುಣುಕನ್ನು ತೊಡಿಸುತ್ತಿದ್ದರು. 14 ಮತ್ತು 15ನೆಯ ಶತಮಾನಗಳಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ರಚನೆ ಹೀಗಿದೆ: ನಡುವೆ ಕವಲೊಡೆದ ಒಂದು ತುಂಡು, ಅದರ ಎರಡು ಮೈಗೂ ಬೆಸೆದ ತೆಳುತಗಡುಗಳು, ಕೆಳತುದಿಯಲ್ಲಿ ಓಕ್ ಮರದ ಕಾಯನ್ನು ಹೋಲುವ ಪುಟ್ಟ ಗುಬುಟು. ತಗಡುಗಳ ನಡುವಣ ತೆರಪಿನಲ್ಲಿ ಪಟ್ಟಿಯನ್ನು ಸೇರಿಸಿ, ಸಣ್ಣ ಮೊಳೆ ಬಡಿದು ಬಿಗಿಯುತ್ತಿದ್ದರು. ಲೋಹ ಬಹುಮಟ್ಟಿಗೆ ತಾಮ್ರದ ಮಿಶ್ರಣ. ತಾಮ್ರದ ಕಿಲುಬು ಕೊಳೆಯುವಿಕೆಯನ್ನು ತಡೆಯುವುದರಿಂದ, ಒಳಗಣ ತೊಗಲಿನ ಚೂರು ಕೆಲವೊಮ್ಮೆ ಇಂದಿಗೂ ಉಳಿದಿರುವುದುಂಟು.

ಅಂದಿನ ಉಡುಪಿಗೆ ಇಂದಿನಂತೆ ಹೊಲಿದ ಜೇಬುಗಳಿರಲಿಲ್ಲ. ಹಣದ ಚೀಲ, ಚೂರಿ ಮೊದಲಾದುವು ನಡುಪಟ್ಟಿಗೇ ತೂಗುತ್ತಿದ್ದುವು. ಆದುದರಿಂದ ನಡುಪಟ್ಟಿ ಉಪಕರಣವೂ ಹೌದು, ಅಂತಸ್ತಿನ ಕುರುಹೂ ಹೌದು. 1363ರಲ್ಲಿ ಮೂರನೆಯ ಎಡ್ವರ್ಡ್ ದೊರೆಯ ಕಾಲದ ಪಾರ್ಲಿಮೆಂಟು, ಕೈಕಸಬಿನವರು ಬೆಳ್ಳಿಬಂಗಾರದ ನಡುಪಟ್ಟಿಗಳನ್ನು ಧರಿಸಕೂಡದೆಂದು ಶಾಸನ ಮಾಡಿತು. ಆ ಶಾಸನ ಬಹುಕಾಲ ನಿಲ್ಲಲಿಲ್ಲ. ಆದರೆ ಸಾಮಾನ್ಯನೂ ನಡುವನ್ನು ಸಿಂಗರಿಸಿಕೊಳ್ಳಲು ಎಷ್ಟು ಹಾತೊರೆಯುತ್ತಿದ್ದನೆಂಬುದಕ್ಕೆ ಅದೇ ಸಾಕ್ಷಿ. ಬೆಳ್ಳಿ ದೊರಕದವನಿಗೆ ಹಿತ್ತಾಳೆಯೇ ಬೆಳ್ಳಿ. ಇತಿಹಾಸಗ್ರಂಥಗಳಲ್ಲಿ ಹೆಸರಿಲ್ಲದ ಇಂತಹ ಜನರ ಆಸೆಯೇ ಈ ಅಣಸಿನಲ್ಲಿ ಮೂರ್ತಿವೆತ್ತಿದೆ.

ಇದು ಹೊಲಕ್ಕೆ ಬಂದುದು ಹೇಗೆ? ದುಡಿಯುವಾಗ ಕಳಚಿ ಬಿದ್ದಿರಬಹುದು. ಮನೆಯ ಕಸದೊಡನೆ ತಿಪ್ಪೆ ಸೇರಿ, ಗೊಬ್ಬರದೊಡನೆ ಹೊಲವನ್ನು ಸೇರಿರಬಹುದು. ಶತಮಾನಗಳ ತರುವಾಯ ಹವ್ಯಾಸಿಯೊಬ್ಬನ ಲೋಹಶೋಧಕ ಯಂತ್ರವು ಕಿವಿಯಲ್ಲಿ ಸದ್ದು ಮಾಡುತ್ತದೆ. ಕೆಲವು ಅಂಗುಲ ಅಗೆದರೆ ಹಸುರುಗಟ್ಟಿದ ಅಣಸು ಕೈಗೆ ಬರುತ್ತದೆ.

ಇಲ್ಲಿಂದ ಮುಂದಿನದೇ ಮುಖ್ಯವಾದ ವಿಷಯ. 1996ರ ನಿಧಿ ಕಾನೂನು ಮುಖ್ಯವಾಗಿ ಬೆಳ್ಳಿಬಂಗಾರಗಳನ್ನು ಕುರಿತದ್ದು. ಒಂಟಿಯಾಗಿ ದೊರೆತ ಹಿತ್ತಾಳೆಯ ಅಣಸು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬಾರದು. ಅದನ್ನು ತೋರಿಸೆಂದು ಬಲವಂತಪಡಿಸುವವರಿಲ್ಲ. ಈ ಕೊರತೆಯನ್ನು ನೀಗಲು 1997ರಲ್ಲಿ ಒಂದು ಯೋಜನೆ ಆರಂಭವಾಯಿತು. ಬ್ರಿಟಿಷ್ ಮ್ಯೂಸಿಯಂ ಅದನ್ನು ಇಂಗ್ಲೆಂಡಿನಲ್ಲಿ ನಡೆಸುತ್ತಿದೆ. ದೊರೆತ ವಸ್ತುವನ್ನು ಶೋಧಕನು ತಾನಾಗಿಯೇ ಸ್ಥಳೀಯ ಅಧಿಕಾರಿಗೆ ತೋರಿಸುತ್ತಾನೆ. ಅಧಿಕಾರಿಯು ಅಳತೆ, ಛಾಯಾಚಿತ್ರ, ದೊರೆತ ಸ್ಥಳ ಇವನ್ನು ದಾಖಲಿಸಿ ವಸ್ತುವನ್ನು ಹಿಂದಿರುಗಿಸುತ್ತಾನೆ. ಹೀಗೆ ದಾಖಲಾದ ವಸ್ತುಗಳು 15 ಲಕ್ಷವನ್ನು ಮೀರಿವೆ.

ದೊರೆತ ಸ್ಥಳಕ್ಕೆ ಇಷ್ಟು ಪ್ರಾಮುಖ್ಯವೇಕೆ? ಸ್ಥಳ ತಿಳಿಯದ ಅಣಸು ಬರಿಯ ಹಳೆಯ ಹಿತ್ತಾಳೆ. ಸ್ಥಳ ತಿಳಿದ ನೂರಾರು ಅಣಸುಗಳನ್ನು ಭೂಪಟದಲ್ಲಿ ಗುರುತಿಸಿದರೆ, ಯಾವ ಮಾದರಿ ಯಾವ ಸೀಮೆಯಲ್ಲಿ ಹರಡಿತ್ತು, ಯಾವ ಬಯಲಿನಲ್ಲಿ ಒಂದು ಕಾಲಕ್ಕೆ ಜನಸಂದಣಿಯಿತ್ತು ಎಂಬುದು ಗೋಚರಿಸತೊಡಗುತ್ತದೆ. ಉಳುಮೆಯಿಂದ ಕದಡಿದ ಮೇಲ್ಮಣ್ಣಿನಲ್ಲಿದ್ದುದನ್ನು ಎತ್ತಿ ದಾಖಲಿಸುವವನು ನೇಗಿಲಿಗೂ ರಾಸಾಯನಿಕ ಗೊಬ್ಬರಕ್ಕೂ ಅದು ಬಲಿಯಾಗದಂತೆ ಕಾಪಾಡುತ್ತಾನೆ. ಅದಕ್ಕೂ ಕೆಳಗೆ, ಕದಡದ ಪದರಗಳನ್ನು ಬಗೆಯುವವನು ಗ್ರಂಥದ ಪುಟಗಳನ್ನು ಓದುವ ಮೊದಲೇ ಹರಿದಂತಾಗುತ್ತದೆ. ಯಂತ್ರ ಇಬ್ಬರಿಗೂ ಒಂದೇ, ವ್ಯತ್ಯಾಸವಿರುವುದು ಸಂಯಮದಲ್ಲಿ.

ಅರಸರ ಇತಿಹಾಸಕ್ಕೆ ಕಾವಲುಗಾರರಿದ್ದಾರೆ. ಸಾಮಾನ್ಯರ ಇತಿಹಾಸವನ್ನು ಕಾಯುವ ಭಾರ ಅನೇಕ ವೇಳೆ, ಅದನ್ನು ಮೊದಲು ಕೈಗೆತ್ತಿಕೊಂಡವನ ಪ್ರಾಮಾಣಿಕತೆಯ ಮೇಲೆಯೇ ನಿಂತಿದೆ.