ಕವಾತಾದ ಗಿಡ ಸತ್ತಿಲ್ಲ
(ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲ ಸೊಪ್ಪು ಕಿತ್ತು, ಮೂಟೆ ಹೊತ್ತು ದಣಿದು ಬಂದು ಕುಳಿತಿದ್ದೇವೆ. ಆದುದರಿಂದ ದೂರದ ಮಾತು ಬೇಡ. ನಮ್ಮ ಕೈಗೆ ಗೊತ್ತಿರುವ ಕೆಲಸದಿಂದಲೇ ಆರಂಭಿಸೋಣ.

ಟೀ ಗಿಡಕ್ಕೆ 4-5 ವರ್ಷಕ್ಕೊಮ್ಮೆ ಕವಾತು ಮಾಡುತ್ತೇವೆ. ಹಸುರಾಗಿ ನಿಂತಿದ್ದ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿಬಿಡುತ್ತೇವೆ. ಮರುದಿನ ಗುಡ್ಡದ ಮೇಲೆ ಬರೀ ಕಡ್ಡಿಗಳು. ಹೊಸಬರು ನೋಡಿದರೆ ತೋಟ ಸತ್ತಿತು ಅನ್ನುತ್ತಾರೆ. ನಾವು ಅನ್ನುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಕಡ್ಡಿಯಿಂದ ಚಿಗುರು ಬರುವುದನ್ನು ಕಂಡವರು ನಾವು. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತೋಟಗಾರನ ವಿಷಯ ಹೇಳಿದಾಗ, ಫಲ ಕೊಡುವ ಕೊಂಬೆಯನ್ನೇ ಸವರುವ ಮಾತನ್ನು ಆಡಿದರು. ಆ ಮಾತು ನಮಗೆ ಬೇಗ ಅರ್ಥವಾಗಬೇಕು.

ಎಲೆಯಿಲ್ಲದ ಗಿಡ ಏನು ತಿಂದು ಬದುಕುತ್ತದೆ? ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನು. ಅದಕ್ಕೇ ಕವಾತಿಗೆ ಮುಂಚೆ ಬೇರಿನ ತುಂಡು ಕೊಯ್ದು ಅಯೋಡಿನ್ ಹಚ್ಚಿ ನೋಡುವುದುಂಟು. ಕಪ್ಪು ನೀಲಿಗೆ ತಿರುಗಿದರೆ ಬೇರಿನಲ್ಲಿ ಶಕ್ತಿ ಇದೆ. ಬಣ್ಣ ಏರದಿದ್ದರೆ ಆ ಗಿಡಕ್ಕೆ ಇನ್ನೂ ವಿಶ್ರಾಂತಿ ಬೇಕು. ನಮ್ಮ ಪ್ರಾರ್ಥನೆಯೂ ಹಾಗೆಯೇ. ದೀಪ ಆರಿಸುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಮಾಡುವ ಐದು ನಿಮಿಷದ ಪ್ರಾರ್ಥನೆ ಎಲ್ಲಿಯೂ ಹೋಗುವುದಿಲ್ಲ, ಬೇರಿಗೆ ಇಳಿಯುತ್ತದೆ. ಕೆಲಸ ನಿಂತ ದಿನ, ಕಾಯಿಲೆ ಬಂದ ದಿನ ಅದು ಮೇಲೇರಿ ಬರುತ್ತದೆ.

ಆದರೆ ಬೇರಿನಲ್ಲಿ ಶಕ್ತಿ ಸಾಲದವರ ಗತಿ ಏನು? ಗಂಡ ಹಾಸಿಗೆ ಹಿಡಿದ ಮನೆ, ಕೂಲಿಯೆಲ್ಲ ಕುಡಿತದಲ್ಲಿ ಕರಗುವ ಮನೆ, ಮಗುವನ್ನು ಮಣ್ಣುಮಾಡಿದ ಮನೆ ನಮ್ಮ ಲೈನುಗಳಲ್ಲಿ ಇಲ್ಲವೇ? ಅಲ್ಲಿ ಪ್ರಾರ್ಥಿಸಲೂ ಬಾಯಿ ಬಾರದು. ಇದಕ್ಕೂ ತೋಟದಲ್ಲೇ ಉತ್ತರವಿದೆ. ಕವಾತು ಮಾಡುವಾಗ ಎಲೆಯಿರುವ ಒಂದೆರಡು ಕೊಂಬೆಗಳನ್ನು ಕಡಿಯದೆ ಬಿಡುವ ಪದ್ಧತಿಯುಂಟು. ಚಿಗುರು ಬರುವ ತನಕ ಆ ಕೊಂಬೆ ಇಡೀ ಗಿಡವನ್ನು ಸಾಕುತ್ತದೆ. ನಮ್ಮ ಕೂಟವೆಂದರೆ ಆ ಕೊಂಬೆ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ತೆಗೆದು ಇಳಿಸಿದರು. ಯೇಸುಸ್ವಾಮಿ ನೋಡಿದ್ದು ಹೊತ್ತವರ ನಂಬಿಕೆಯನ್ನು.

ಒಂದು ಎಚ್ಚರಿಕೆಯ ಮಾತು. ಪ್ರತಿಯೊಂದು ಕಷ್ಟವೂ ದೇವರ ಕವಾತು ಎಂದು ಹೇಳಬಾರದು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದು, ನಿದ್ದೆಯಲ್ಲಿದ್ದ ತೋಟದ ಕುಟುಂಬಗಳೂ ಕೊಚ್ಚಿಹೋದವು. 200ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರು ಏನು ಪಾಪ ಮಾಡಿದ್ದರೋ ಎಂದು ಕೇಳುವ ನಾಲಿಗೆ ನಮ್ಮದಾಗದಿರಲಿ. ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರೇನೂ ಬೇರೆಯವರಿಗಿಂತ ದೊಡ್ಡ ಪಾಪಿಗಳಲ್ಲವೆಂದು ಕರ್ತನೇ ಹೇಳಿದರು.

ಹಾಗೆಯೇ ಸೋರುವ ಸೂರು ದೇವರ ಚಿತ್ತವಲ್ಲ. ತೋಟದವರಿಗೆ ಮನೆ, ಕುಡಿಯುವ ನೀರು, ವೈದ್ಯೋಪಚಾರ ಒದಗಿಸಬೇಕೆಂದು 1951ರಲ್ಲೇ ಕಾಯ್ದೆ ಬಂತು. ಸಿಗಬೇಕಾದುದನ್ನು ಕೇಳುವುದು ಗುಣುಗುಟ್ಟುವಿಕೆಯಲ್ಲ. ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ವಿಧವೆ, ದೇವರಿಗೂ ಹೆದರದ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಹೋದಳು. ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂದು ಕಲಿಸಲು ಕರ್ತನು ಆರಿಸಿಕೊಂಡದ್ದು ಅವಳ ಕಥೆಯನ್ನೇ. ತಾಳ್ಮೆಯೆಂದರೆ ಬಾಯಿ ಮುಚ್ಚಿ ಕೂರುವುದಲ್ಲ, ಕೈ ಬಿಡದೆ ಹಿಡಿಯುವುದು.

ಪ್ರಿಯರೇ, ಇಂದು ಸಂಜೆ ನಾವು ಒಬ್ಬೊಬ್ಬರೂ ಒಂದೊಂದು ಮನೆಗೆ ಹೋಗೋಣ. ಉಪದೇಶ ಬೇಡ. ಒಂದು ಸೇರು ಅಕ್ಕಿಯೋ, ಮಗುವನ್ನು ಎತ್ತಿಕೊಳ್ಳುವ ಒಂದು ಗಳಿಗೆಯೋ ಸಾಕು. ಬಾಯಿ ಬಾರದವರ ಪರವಾಗಿ ನಾವು ಪ್ರಾರ್ಥಿಸೋಣ. ಚಿಗುರು ಕೊಡುವವನು ದೇವರು. ಅಲ್ಲಿಯವರೆಗೆ ಗಿಡವನ್ನು ಸಾಕುವ ಕೊಂಬೆಯಾಗಿ ನಿಲ್ಲಲು ಆತನೇ ನಮಗೆ ಬಲ ಕೊಡಲಿ. ಆಮೆನ್.