ಹುಳುಮನೆಯ ಮಡಿ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಎಚ್ಚರವುಳ್ಳ ರೇಷ್ಮೆ ಬೆಳೆಗಾರನು ಕೈಕಾಲು ತೊಳೆಯದೆ ಹುಳುಮನೆಯ ಹೊಸ್ತಿಲನ್ನು ದಾಟನು; ಹೊರಗಿನವರನ್ನಂತೂ ಸುಲಭವಾಗಿ ಒಳಕ್ಕೆ ಬಿಡನು. ಒಬ್ಬನ ಅಜಾಗರೂಕತೆಯಿಂದ ಬೆಳೆಯೆಲ್ಲವೂ ಹಾಳಾದೀತೆಂಬುದನ್ನು ಅವನು ಬಲ್ಲನು. 1865ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮಹಾಶಯನು ಕೈಗೊಂಡುದೂ ಈ ಹುಳುವಿನ ರೋಗದ ಶೋಧನೆಯನ್ನೇ. ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೂ, ಸೋಂಕಿದ ಸೊಪ್ಪಿನಿಂದ ಹುಳುವಿಗೂ ಹರಡುವುದೆಂದು ಆತನು ತೋರಿಸಿದನು. ಹುಳುವಿಗೆ ಸಲ್ಲುವ ಈ ಮಡಿ ನಮ್ಮ ಮಕ್ಕಳಿಗೆ ಸಲ್ಲುತ್ತಿದೆಯೇ? ಪಟ್ಟಣದವರಾದ ನಾವು ಮೊದಲು ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಶೌಚದ ಬಳಿಕ ಬರಿಯ ನೀರು ಸಾಲದು. ಸಾಬೂನು ಹಚ್ಚಿ, ಉಗುರಿನ ಸಂದುಗಳನ್ನೂ ಬಿಡದೆ, 20 ಸೆಕೆಂಡುಗಳಾದರೂ ಉಜ್ಜಬೇಕು. ಕೂಸಿಗೆ ತುತ್ತು ಕಲಸುವ ಮುನ್ನವೂ ಹಾಗೆಯೇ. ಕೂಸಿಗೆ ಭೇದಿಯಾದರೆ ಹಲ್ಲು ಬರುತ್ತಿದೆಯೆಂದು ಹಿರಿಯರು ಸಮಾಧಾನ ಹೇಳುವುದುಂಟು. ಪಾಪ, ಹಲ್ಲಿಗೆ ಈ ಅಪವಾದವು ಸಲ್ಲದು. ರೋಗವು ಬಹುಮಟ್ಟಿಗೆ ಬರುವುದು ಕೊಳೆಯಾದ ಕೈಯಿಂದ, ನೀರಿನಿಂದ, ಕುದಿಸದ ಹಾಲಿನ ಸೀಸೆಯಿಂದ.