ಮಗುವಿನ ಬಾಯಿ ಮತ್ತು ಚನ್ನಪಟ್ಟಣದ ಬಣ್ಣ



ಮಗುವಿನ ಕೈಗೆ ಏನೇ ಕೊಡಿ, ಅದು ಮೊದಲು ಹೋಗುವುದು ಬಾಯಿಗೆ. ಚನ್ನಪಟ್ಟಣದ ಬೊಂಬೆಯ ವಿಚಾರವನ್ನು ಇಲ್ಲಿಂದಲೇ ಶುರು ಮಾಡುತ್ತೇನೆ.

ಈ ಬೊಂಬೆಗೆ ಹಚ್ಚುವುದು ಅರಗು. ಮರದ ರೆಂಬೆಗಳ ಮೇಲೆ ಬದುಕುವ ಪುಟ್ಟ ಕೀಟ ಸ್ರವಿಸುವ ಅಂಟು ಅದು. ಅದಕ್ಕೆ ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಲೇತಿನಲ್ಲಿ ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚ ಬೇಡ, ಒಣಗಲೆಂದು ಕಾಯಬೇಕಿಲ್ಲ. ಮೇಲೆ ಒಣ ತಾಳೆಗರಿ ಹಿಡಿದರೆ ಹೊಳಪು.

ಆದರೆ ಅರಗಿಗೆ ಬೆರೆಸಿದ ಬಣ್ಣ ಯಾವುದು? ಅರಿಸಿನ, ನೀಲಿಗಿಡದ್ದಾದರೆ ಸರಿ. ಅಗ್ಗದ ರಾಸಾಯನಿಕವಾದರೆ ಅರಗಿನ ಗುಣವೆಲ್ಲ ವ್ಯರ್ಥ. ಗಿಡಮೂಲದ ಬಣ್ಣ ದುಬಾರಿ. ಆ ಬೆಲೆಯನ್ನು ಗಿರಾಕಿ ಕೊಡಬೇಕು.

ಗಿರಾಕಿಯೇ ಬಾರದಿದ್ದರೆ? 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಪೇಟೆಯನ್ನು ಬಳಸಿಕೊಂಡು ಹೋಗುತ್ತದೆ. ದಾರಿಯಲ್ಲಿ ಕಾರು ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದವರು ಈಗ ನೇರ ಮೈಸೂರಿನಲ್ಲೇ ಇಳಿಯುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆಯೇನೋ ಈ ಬೊಂಬೆಗಿದೆ, ಅದರಿಂದ ಅಂಗಡಿ ಮುಂದೆ ಕಾರು ನಿಲ್ಲುವುದಿಲ್ಲ.

ಊರೊಳಗಿನ ಹಳೆಯ ರಸ್ತೆ ಈಗಲೂ ಇದೆ. ಒಮ್ಮೆ ಆ ಕಡೆ ತಿರುಗಿ. ಕೊಳ್ಳುವ ಮುನ್ನ ಬಣ್ಣ ಯಾವುದೆಂದು ಅಂಗಡಿಯವರನ್ನು ಕೇಳಿ.